ಮೇಷ್ಟ್ರ ಮನೆಯ ಕಂದು ನೀರು

ಸಂಪಾದಕರ ಉತ್ತರ

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ. ಮುಖ್ಯವಾದದ್ದು ಇಷ್ಟು:

“ಹೋದ ಭಾನುವಾರ ವಾಟರ್ ಫಿಲ್ಟರ್ ಮಾರುವ ಹುಡುಗ ಮನೆಗೆ ಬಂದ. ಎರಡು ಗಾಜಿನ ಲೋಟ ಕೇಳಿ ತಗೊಂಡ. ಒಂದರಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವನು ಬಾಟಲಿಯಲ್ಲಿ ತಂದ ನೀರು. ಕರೆಂಟಿಗೆ ಸಿಕ್ಕಿಸಿದ ಕಡ್ಡಿಗಳನ್ನು ಎರಡರಲ್ಲೂ ಇಳಿಬಿಟ್ಟ. ಒಂದೇ ನಿಮಿಷಕ್ಕೆ ನಮ್ಮ ನೀರು ಕೆಸರಿನ ಹಾಗೆ ಕಂದಾಯಿತು. ಅವನ ನೀರು ಹಾಗೇ ಇತ್ತು. ‘ನೋಡಿ ಸಾರ್, ಬೆಂಗಳೂರಿನ ಕೆ.ಸಿ. ವ್ಯಾಲಿ ಕೊಳಚೆಯೆಲ್ಲ ನಿಮ್ಮ ಬೋರಿಗೆ ಇಳಿದಿದೆ’ ಅಂದ. ಅವತ್ತಿನಿಂದ ನಮ್ಮ ಮನೆಯವರು ಆ ನೀರು ಮುಟ್ಟುತ್ತಿಲ್ಲ. ಮೆಷಿನ್‌ಗೆ 18,000 ಹೇಳುತ್ತಾನೆ. ಪಕ್ಕದ ಮನೆಯವರು ನೋಡಿದರೆ ಆ ಮೆಷಿನ್ನಿನ ಆರ್‌ಓ ನೀರು ಕುಡಿದರೆ ಮೂಳೆ ಸವೆಯುತ್ತದೆ ಅನ್ನುತ್ತಾರೆ. ಮನೆಯಲ್ಲಿ ನಾವಿಬ್ಬರು, ಒಂದನೇ ಕ್ಲಾಸು ಓದುವ ಮೊಮ್ಮಗಳು. ಏನು ಮಾಡಲಿ? ಇನ್ನೊಂದು, ಮಗ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸುತ್ತೇನೆ ಅನ್ನುತ್ತಾನೆ. ಫ್ರೀ ಕರೆಂಟ್ ಹೋಗುತ್ತದೆ ಅಂತ ನನಗೆ ಭಯ. ಮತ್ತೆ, ರಸ್ತೆ ಮೇಲೆ ಹುರುಳಿ ಹರಡುವವರ ಬಗ್ಗೆ ನೀವು ಯಾಕೆ ಬರೆಯುವುದಿಲ್ಲ?”

ಮೇಷ್ಟ್ರೇ, ನಮಸ್ಕಾರ.

ಮೊದಲು ಆ ಲೋಟದ ವಿಷಯ ಮುಗಿಸೋಣ. ಯಾಕೆಂದರೆ ನಾನೂ ಆ ಲೋಟಕ್ಕೆ ಬಿದ್ದವನೇ. ಮೂರು ವರ್ಷದ ಹಿಂದೆ ಕೋಲಾರದ ನಮ್ಮ ಮನೆಯ ಹಾಲಿನಲ್ಲಿ ಇದೇ ಆಟ ನಡೆಯಿತು. ಅದೇ ಎರಡು ಲೋಟ, ಅದೇ ಕಡ್ಡಿ. ನೀರು ಕಂದಾದದ್ದು ನೋಡಿ ಹೊಟ್ಟೆ ತೊಳೆಸಿ ಬಂತು. ಇಷ್ಟು ವರ್ಷ ಇದನ್ನೇ ಕುಡಿದೆವಾ ಅಂತ ನನ್ನ ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು, ಬೋರ್ ಕೊರೆಸಿದವನು ನಾನೇ ಅಲ್ವಾ. ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಕೊಟ್ಟು ಸಹಿ ಹಾಕಿದೆ. ಊರಿಗೆಲ್ಲ ಬುದ್ಧಿ ಹೇಳುವ ಪತ್ರಿಕೆಯ ಸಂಪಾದಕ!

ಮೆಷಿನ್ ಕೂರಿಸಲು ಅದೇ ಹುಡುಗ ಬಂದ ದಿನ ನನ್ನ ಭಾವಮೈದ ಮನೆಯಲ್ಲಿದ್ದ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ. ಹುಡುಗ ಎದುರು ಮನೆಯವರನ್ನೂ ಕರೆದು ಲೋಟದ ಆಟ ಇನ್ನೊಮ್ಮೆ ಶುರು ಮಾಡಿದ. ಭಾವಮೈದ ಸುಮ್ನೆ ನೋಡುತ್ತಿದ್ದವನು ಅಡುಗೆಮನೆ ಕಡೆ ತಿರುಗಿ, “ಅಕ್ಕಾ, ಉಪ್ಪಿನ ಡಬ್ಬಿ ಕೊಡು” ಅಂದ. ಹುಡುಗನ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ತಿರುಗಿಸಿದ. “ಈಗ ಹಾಕಪ್ಪ ಕಡ್ಡಿ.” ಹುಡುಗ ಅತ್ತ ಇತ್ತ ನೋಡಿದ. ಹಾಕಿದ. ಅರ್ಧ ನಿಮಿಷ ಕೂಡ ಆಗಲಿಲ್ಲ, ಅವನ ನೀರು ನಮ್ಮ ಬೋರ್ ನೀರಿಗಿಂತ ಕಪ್ಪಗಾಯಿತು. ಕಡ್ಡಿಯ ಸುತ್ತ ಹಳದಿ ಹಸಿರು ನೊರೆ, ತಳದಲ್ಲಿ ಕಾಫಿ ಚರಟದಂಥ ಪುಡಿ.

ವಿಷಯ ಇಷ್ಟೇ. ಆ ಸಾಧನದಲ್ಲಿ ಕಬ್ಬಿಣದ ಕಡ್ಡಿ ಇರುತ್ತದೆ, ಜೊತೆಗೆ ಅಲ್ಯೂಮಿನಿಯಂ ಕಡ್ಡಿ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದರೆ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ನಿಮಗೆ ಕಂಡ ಕಂದು ಬಣ್ಣ ಆ ಕಡ್ಡಿಯದ್ದು. ಅವನು ತಂದದ್ದು ಆರ್‌ಓ ನೀರು, ಅಂದರೆ ಮೆಂಬ್ರೇನ್ ಅನ್ನುವ ತೆಳು ಪೊರೆಯ ಮೂಲಕ ಒತ್ತಿ ಲವಣ ತೆಗೆದ ನೀರು. ಅದರಲ್ಲಿ ಲವಣ ಕಡಿಮೆ, ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ನೀರು ತಿಳಿಯಾಗೇ ಇರುತ್ತದೆ. ಒಳ್ಳೆಯ ಎಳನೀರು ಇಟ್ಟರೂ ಆ ಕಡ್ಡಿ ಅದನ್ನು ಕೆಡಿಸಿ ತೋರಿಸುತ್ತದೆ. ದಯವಿಟ್ಟು ನೀವು ಮನೆಯಲ್ಲಿ ಈ ಪ್ರಯೋಗ ಮಾಡಲು ಹೋಗಬೇಡಿ. ಅದು ನೇರ 230 ವೋಲ್ಟಿನ ಆಟ, ನೀರಿನ ಲೋಟದ ಜೊತೆ.

ಹುಡುಗನಿಗೆ ನಾವು ಬೈಯಲಿಲ್ಲ. ಕಾಫಿ ಕುಡಿಯುತ್ತಾ, “ಸಾರ್, ನಂಗೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದೇ ಇಷ್ಟು” ಅಂದ. ಸುಳ್ಳು ಅನ್ನಿಸಲಿಲ್ಲ.

ಕೆ.ಸಿ. ವ್ಯಾಲಿ ಮಾತಿಗೆ ಬರೋಣ. 2018ರಲ್ಲಿ ಮೊದಲು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಆ ನೀರು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ್ದು. ಕೆರೆ ತುಂಬಿಸಿ ಅಂತರ್ಜಲ ಏರಿಸಲಿಕ್ಕೆ ಬಂದದ್ದೇ ಹೊರತು ಕುಡಿಯಲಿಕ್ಕೆ ಬಂದದ್ದಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಮ್ಮ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಕೇಳುವುದು ಸರಿಯಾಗೇ ಇದೆ, ನನ್ನ ಸಹಿಯೂ ಅದರಲ್ಲಿ ಇದೆ ಅಂದುಕೊಳ್ಳಿ. ಆದರೆ ನಿಮ್ಮ ಬೋರಿಗೆ ಕೊಳಚೆ ಇಳಿದಿದೆಯಾ ಅಂತ ತಿಳಿಯಲು ಕಬ್ಬಿಣದ ಕಡ್ಡಿ ಸಾಲದು. ಅದಕ್ಕೆ ಲ್ಯಾಬಿನಲ್ಲಿ ರೋಗಾಣುವಿನ ಪರೀಕ್ಷೆ ಆಗಬೇಕು.

ಹಾಗಾದರೆ ನಿಮ್ಮ ನೀರು ಒಳ್ಳೆಯದಾ? ಹಾಗಂತ ನಾನು ಹೇಳುತ್ತಿಲ್ಲ. ನನಗೆ ನಿಜವಾಗಿ ಭಯ ಇರುವುದು ಆ ಹುಡುಗ ಹೆಸರೇ ಎತ್ತದ ಒಂದು ವಸ್ತುವಿನ ಬಗ್ಗೆ. ಫ್ಲೋರೈಡ್.

ನೀವು ನಮ್ಮ ತಾಲ್ಲೂಕುಗಳಲ್ಲಿ ಪಾಠ ಹೇಳಿದವರು, ನಿಮಗೆ ಇದು ಹೊಸದಲ್ಲ. ಕ್ಲಾಸಿನಲ್ಲಿ ಕೆಲವು ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದರಲ್ಲ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಕೆಲವರಿಗೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. “ಹಲ್ಲು ಸರಿಯಾಗಿ ಉಜ್ಜೋ” ಅಂತ ಆ ಮಕ್ಕಳಿಗೆ ಗದರಿದ ಮೇಷ್ಟ್ರುಗಳು ಎಷ್ಟೋ ಜನ. ಉಜ್ಜಿದರೆ ಹೋಗುವ ಕರೆಯಲ್ಲ ಅದು. ಒಸಡಿನ ಒಳಗೆ ಹಲ್ಲು ಕಟ್ಟಿಕೊಳ್ಳುವಾಗಲೇ ಜಾಸ್ತಿ ಫ್ಲೋರೈಡ್ ಸೇರಿಬಿಟ್ಟರೆ ಹಾಗಾಗುತ್ತದೆ. ಸುಮಾರು ಎಂಟು ವರ್ಷದವರೆಗಿನ ಮಕ್ಕಳಿಗೆ ಆ ಅಪಾಯ. ನಿಮ್ಮ ಮೊಮ್ಮಗಳು ಒಂದನೇ ಕ್ಲಾಸು ಅಂದಿರಿ. ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ದೊಡ್ಡವರಿಗೂ ಬಿಟ್ಟಿದ್ದಲ್ಲ, ವರ್ಷಗಟ್ಟಲೆ ಕುಡಿದರೆ ಕೀಲು ಹಿಡಿದುಕೊಳ್ಳುತ್ತದೆ, ಬೆನ್ನು ಬಗ್ಗುತ್ತದೆ.

ನಮ್ಮ ನೆಲದ ಅಡಿ ಇರುವುದು ಗ್ರಾನೈಟ್ ಬಂಡೆ. ಅದರ ಖನಿಜಗಳಲ್ಲಿ ಫ್ಲೋರೈಡ್ ಇದೆ. ನಮ್ಮ ತಾತಂದಿರು ತೆರೆದ ಬಾವಿಯಿಂದ ಸೇದಿದ ನೀರು ಹೆಚ್ಚಾಗಿ ಆಯಾ ವರ್ಷದ ಮಳೆ ನೀರು. ನಾವು ಸಾವಿರ, ಸಾವಿರದ ಇನ್ನೂರು ಅಡಿ ಕೊರೆಸಿ ಎತ್ತುತ್ತಿರುವುದು ಬಂಡೆಯ ಬಿರುಕಿನಲ್ಲಿ ಎಷ್ಟೋ ಕಾಲದಿಂದ ಕೂತ ನೀರು. ಬಂಡೆಯ ಜೊತೆ ಅಷ್ಟು ಕಾಲ ಇದ್ದದ್ದು ಬಂಡೆಯ ಗುಣ ತಗೊಂಡೇ ಬರುತ್ತದೆ. ಚಿಕ್ಕಬಳ್ಳಾಪುರದ ಕಡೆಗೂ, ತುಮಕೂರಿನ ಪಾವಗಡಕ್ಕೂ ಇದೇ ಗೋಳು. ಒಂದೇ ಬೀದಿಯ ಎರಡು ಬೋರ್‌ಗಳಲ್ಲೂ ಲೆಕ್ಕ ಬೇರೆ ಬೇರೆ ಬರುತ್ತದೆ. ಹಾಗಾಗಿ ಪಕ್ಕದ ಮನೆಯವರ ರಿಪೋರ್ಟು ನಿಮಗೆ ಆಗಿ ಬರುವುದಿಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ಕ್ಯಾಂಡಲ್ ಫಿಲ್ಟರಿನಲ್ಲೂ ಹೋಗಲ್ಲ. ಯುವಿ ಮೆಷಿನ್ ಕ್ರಿಮಿ ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದೂ ಇಲ್ಲ. ಆ ಹುಡುಗ ಪೆನ್ನಿನ ಥರದ ಮೀಟರ್ ಅದ್ದಿ ಟಿಡಿಎಸ್ ನಂಬರ್ ಕೂಡ ತೋರಿಸಿರಬೇಕು. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ. ಅದರಲ್ಲಿ ಸುಣ್ಣ ಎಷ್ಟು, ಫ್ಲೋರೈಡ್ ಎಷ್ಟು ಅಂತ ಅದಕ್ಕೆ ಗೊತ್ತಾಗದು. ಟಿಡಿಎಸ್ 400 ಇರುವ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರಬಹುದು, 900 ಇರುವ ನೀರಿನಲ್ಲಿ ಮಿತಿಯೊಳಗೆ ಇರಬಹುದು.

ಆದ್ದರಿಂದ 18,000 ಕೊಡುವ ಮುಂಚೆ ಒಂದು ಕೆಲಸ ಮಾಡಿ. ಮೋಟರ್ ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ. ಎರಡು ಲೀಟರ್ ಹಿಡಿಯುವ ಶುಭ್ರವಾದ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ಕೇ ಸರಿ. ರೋಗಾಣುವಿನ ಪರೀಕ್ಷೆಗೆ ಮಾತ್ರ ಲ್ಯಾಬಿನವರೇ ಬೇರೆ ಬಾಟಲಿ ಕೊಡುತ್ತಾರೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಅಷ್ಟು ದೂರ ಬರಲು ಆಗದಿದ್ದರೆ ನಿಮ್ಮ ಪಂಚಾಯ್ತಿಯಲ್ಲಿ ವಿಚಾರಿಸಿ. ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡು ಇದೆ. ಕಿಟ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ನೀವೇ ತೆಗೆಸಿ. ಮೇಷ್ಟ್ರು ಕೇಳಿದರೆ ಇಲ್ಲ ಅನ್ನಲು ಅವರಿಗೂ ಸ್ವಲ್ಪ ನಾಚಿಕೆ ಇರುತ್ತದೆ, ಅವರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ ಇರಬೇಕು.

ರಿಪೋರ್ಟಿನಲ್ಲಿ ಫ್ಲೋರೈಡ್ ಸಾಲು ನೋಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ನಿಶ್ಚಿಂತೆ. ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಟಿಡಿಎಸ್‌ಗೆ ಅದೇ ಲೆಕ್ಕದಲ್ಲಿ 500, ಗತಿಯಿಲ್ಲದಿದ್ದರೆ 2,000. ನೈಟ್ರೇಟ್ 45 ದಾಟಬಾರದು. ತೋಟಕ್ಕೆ ಗೊಬ್ಬರ ಸುರಿಯುವ ಊರುಗಳಲ್ಲಿ ಈ ಸಾಲನ್ನೂ ನೋಡಬೇಕು. ನಿಮ್ಮ ಕಡೆ ಮಾವು, ಟೊಮೆಟೊ ಎರಡೂ ಇವೆಯಲ್ಲ.

ಫ್ಲೋರೈಡ್ 1.5 ದಾಟಿದ್ದರೆ ಆಗ ಆರ್‌ಓ ಬೇಕು. ಅಲ್ಲಿ ನಾನು ನಿಮ್ಮ ಮನೆಯವರ ಪಕ್ಷ. ಆದರೆ ಮನೆಗೇ ಮೆಷಿನ್ ಬೇಕಾ ಅಂತ ಯೋಚನೆ ಮಾಡಿ. ನಿಮ್ಮೂರಿನ ಶುದ್ಧ ನೀರಿನ ಘಟಕದಲ್ಲಿ ಇರುವುದೂ ಆರ್‌ಓನೇ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಮೂರು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ ಒಂದು ಕ್ಯಾನ್ ಅಂದರೆ ತಿಂಗಳಿಗೆ 150, ವರ್ಷಕ್ಕೆ 1,800 ರೂಪಾಯಿ. ಆ ಹುಡುಗನ ಮೆಷಿನ್ ದುಡ್ಡಿನಲ್ಲಿ ಹತ್ತು ವರ್ಷದ ನೀರು! ಮೆಷಿನ್ನಿಗೆ ಮೇಲಿನ ಖರ್ಚು ಬೇರೆ, ನಮ್ಮ ಗಡಸು ನೀರಿಗೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ಘಟಕದ ನೀರನ್ನೂ ಒಂದು ಸಲ ಪರೀಕ್ಷೆಗೆ ಕೊಡಿ, ಯಾಕೆಂದರೆ ಅಲ್ಲೂ ಮೆಂಬ್ರೇನ್ ಬದಲಿಸದೆ ಎಳೆಯುವವರು ಇದ್ದಾರೆ. ಆದರೆ ತುಂಬಿದ ಕ್ಯಾನ್ ಎತ್ತಿ ಟಿವಿಎಸ್ ಮುಂದೆ ಇಟ್ಟುಕೊಂಡು ಬರಲು ನಿಮ್ಮ ಸೊಂಟ ಒಪ್ಪದಿದ್ದರೆ, ಧಾರಾಳವಾಗಿ ಮೆಷಿನ್ ತಗೊಳ್ಳಿ. ಸೊಂಟಕ್ಕೂ ಬೆಲೆ ಇದೆ.

ತಗೊಂಡರೆ ಒಂದು ವಿಷಯ ನೆನಪಿಡಿ. ಇದನ್ನು ಯಾವ ಮಾರಾಟದ ಹುಡುಗನೂ ಹೇಳುವುದಿಲ್ಲ. ಎಷ್ಟೋ ಮೆಷಿನ್‌ಗಳಲ್ಲಿ “ಮಿನರಲ್ ಉಳಿಸುತ್ತೆ”, “ಟಿಡಿಎಸ್ ಕಂಟ್ರೋಲ್” ಅಂತ ಒಂದು ಪುಟ್ಟ ತಿರುಪು ಇರುತ್ತದೆ. ಅದರ ಕೆಲಸ ಏನು ಗೊತ್ತಾ? ಆರ್‌ಓ ಆಗದ ನೀರನ್ನು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುವುದು. ರುಚಿ ಚೆನ್ನಾಗಿರುತ್ತದೆ, ನಿಜ. ಫ್ಲೋರೈಡ್ ಇರುವ ನಮ್ಮೂರಿನಲ್ಲಿ ಆ ತಿರುಪು ತಿರುಗಿಸಿದರೆ ಮುಂಬಾಗಿಲಲ್ಲಿ ಓಡಿಸಿದ ಕಳ್ಳನನ್ನು ಹಿತ್ತಲಿನಿಂದ ಕರೆದ ಹಾಗೆ. ಪೂರ್ತಿ ಮುಚ್ಚಿ ಕೊಡು ಅಂತ ಹೇಳಿ. ನನ್ನ ಮನೆಯ ಮೆಷಿನ್ನಿನಲ್ಲಿ ಅದು ಎಂಟು ತಿಂಗಳು ತೆರೆದೇ ಇತ್ತು, ನೋಡಿದ್ದು ಮತ್ತೆ ಭಾವಮೈದನೇ.

ಮೂಳೆ ಸವೆಯುವ ಮಾತು. ಆರ್‌ಓದಲ್ಲಿ ಸುಣ್ಣದ ಅಂಶ ಹೋಗುವುದು ಹೌದು. ಆದರೆ ನಮಗೆ ಸುಣ್ಣ ಬರುವುದು ಹೆಚ್ಚಾಗಿ ತಟ್ಟೆಯಿಂದ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ದಿನಕ್ಕೊಂದು ಮುದ್ದೆ, ಬಸ್ಸಾರು, ಒಂದು ಲೋಟ ಮಜ್ಜಿಗೆ ಇರುವ ಮನೆಯವರು ನೀರಿನಿಂದ ಮೂಳೆ ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ. ನಮ್ಮ ಕಡೆ ಮೂಳೆಗೆ ನಿಜವಾದ ಶತ್ರು ಆ ಫ್ಲೋರೈಡೇ. ಪಕ್ಕದ ಮನೆಯವರಿಗೆ ಇಷ್ಟು ಹೇಳಿ ಸುಮ್ಮನಾಗಿ.

ಮೆಷಿನ್ ಹೊರಗೆ ಬಿಡುವ ನೀರು ಜಾಸ್ತಿ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ ಹೋಗುವ ಮೆಷಿನ್‌ಗಳೇ ಹೆಚ್ಚು. ನೆಲ ಒರೆಸಿ, ಪಾಯಿಖಾನೆಗೆ ಹಾಕಿ, ಸ್ಕೂಟರ್ ತೊಳೆಯಿರಿ. ಎಮ್ಮೆ ಹಸುವಿಗೆ ಮಾತ್ರ ಇಡಬೇಡಿ, ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ.

ಇನ್ನು ಸ್ಕೂಟರ್. ಇದಕ್ಕೆ ಅಷ್ಟು ಉದ್ದ ಬೇಡ. ಗೃಹಜ್ಯೋತಿ ಲೆಕ್ಕ ಹೀಗಿದೆ: 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದರೆ 10 ಯೂನಿಟ್ ಸೇರಿಸಿ), ಅಷ್ಟು ಫ್ರೀ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ನಿಮ್ಮ ಸರಾಸರಿ 100 ಇತ್ತು ಅಂದುಕೊಳ್ಳಿ, ಫ್ರೀ ಮಿತಿ 110. ಸ್ಕೂಟರ್ ಒಂದು ಸಲ ತುಂಬಲು ಸುಮಾರು 3 ಯೂನಿಟ್, ತಿಂಗಳಿಗೆ ಹತ್ತು ಸಲ ಅಂದರೆ 30. ಒಟ್ಟು 130, ದುಡ್ಡು ಕಟ್ಟಬೇಕಾದದ್ದು 20 ಯೂನಿಟ್ಟಿಗೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 120 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ಇದಕ್ಕೆ ಹೆದರುವುದೇನಿದೆ? ಹೆದರಬೇಕಾದವರು ಈಗಾಗಲೇ 180ರ ಹತ್ತಿರ ಇರುವವರು.

ನಾನು ಕೇಳುವ ಪ್ರಶ್ನೆ ಬೇರೆ. ಕೆಟ್ಟರೆ ಕೋಲಾರದಲ್ಲೇ ಸರಿ ಮಾಡುವವರು ಇದ್ದಾರಾ, ಇಲ್ಲಾ ಬೆಂಗಳೂರಿಗೆ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗಬೇಕಾ? ಮಗನಿಗೆ ಇದನ್ನು ಕೇಳಿ. ಕಾಗದದ ಮೇಲಿನ 120 ಕಿಲೋಮೀಟರ್ ನಮ್ಮ ರಸ್ತೆಯಲ್ಲಿ, ಹಿಂದೆ ಮನೆಯವರು ಕೂತಾಗ, 80 ಬಂದರೆ ಪುಣ್ಯ. ನಿಮಗೆ ಕೋಲಾರಕ್ಕೆ ಹೋಗಿ ಬರಲು ಅಷ್ಟು ಸಾಕು. ಚಾರ್ಜಿಂಗ್ ಪಾಯಿಂಟ್ ಅರ್ತ್ ಸರಿಯಾಗಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೇ ಮನೆಗಳಲ್ಲಿ ಅರ್ತ್ ಗುಂಡಿ ಎಲ್ಲಿದೆ ಅಂತಲೇ ಮರೆತುಹೋಗಿರುತ್ತದೆ, ಬೇಸಿಗೆಯಲ್ಲಿ ಅದು ಒಣಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ಆಗಾಗ ನೀರು ಹಾಕಬೇಕು. ಆರ್‌ಓ ಹೊರಗೆ ಬಿಡುವ ಉಪ್ಪು ನೀರು ಇದಕ್ಕೆ ಹೇಳಿ ಮಾಡಿಸಿದ್ದು. ಲೋಟದಲ್ಲಿ ನಿಮ್ಮನ್ನು ಹೆದರಿಸಿದ ಲವಣ ಇಲ್ಲಿ ನಿಮ್ಮನ್ನು ಕಾಯುತ್ತದೆ.

ಹುರುಳಿ ವಿಷಯ. ಬರೆಯದೆ ಇದ್ದದ್ದು ಸ್ವಲ್ಪ ಸಂಕೋಚದಿಂದ. ನಮ್ಮ ಓದುಗರಲ್ಲಿ ಹರಡುವವರೂ ಇದ್ದಾರೆ, ಜಾರಿ ಬೀಳುವವರೂ ಇದ್ದಾರೆ. ನಾನು ಚಿಕ್ಕವನಾಗಿದ್ದಾಗ ಸುಗ್ಗಿಗೆ ಮುಂಚೆ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ಸಗಣಿ ಸಾರಿಸಿ, ಗುಂಡು ಉರುಳಿಸಿ. ಈಗ ಎತ್ತಿಲ್ಲ, ಗುಂಡು ಬೇಲಿ ಪಕ್ಕ ಬಿದ್ದಿದೆ, ಕೂಲಿಗೆ ಜನ ಸಿಗಲ್ಲ. ಡಾಂಬರು ರಸ್ತೆ ಫ್ರೀಯಾಗಿ ಸಿಗುತ್ತದೆ, ಲಾರಿ ಬಸ್ಸು ಫ್ರೀಯಾಗಿ ತುಳಿಯುತ್ತವೆ. ರೈತನಿಗೆ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಸಂಜೆ ಮೇಲೆ ಕಾಳಿನ ಸುತ್ತ ದಪ್ಪ ಕಲ್ಲು ಇಟ್ಟು ಮನೆಗೆ ಹೋಗುತ್ತಾರಲ್ಲ, ಅದಕ್ಕೆ ಕ್ಷಮೆ ಇಲ್ಲ. ಕತ್ತಲಲ್ಲಿ ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆಯುವಾಗ ಆ ಕಲ್ಲು ಕಾಣುವುದೇ ಇಲ್ಲ. ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಒಕ್ಕಣೆ ಯಂತ್ರ ಕೇಳಿ ನೋಡಬಹುದು, ನಾಲ್ಕು ಮನೆ ಸೇರಿ ತರಿಸಿದರೆ ಹೊರೆಯಾಗುವುದಿಲ್ಲ.

ನೀವು ಸ್ಕೂಟರ್ ಓಡಿಸುವವರಾದ್ದರಿಂದ ಒಂದು ಮಾತು. ಸೊಪ್ಪಿನ ಮೇಲೆ ಬಂದಾಗ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ದೂರದಲ್ಲೇ ವೇಗ ಇಳಿಸಿ ನೆಟ್ಟಗೆ ದಾಟಿ. ಕಾರಿನವರು ಹುಲ್ಲಿನ ಮೇಲೆ ನಿಲ್ಲಿಸಬಾರದು. ಅಡಿಯಲ್ಲಿ ಸುತ್ತಿಕೊಂಡ ಒಣ ಹುಲ್ಲು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ.

ಮನೆಯವರಿಗೆ ಈ ಪತ್ರ ಓದಿ ಹೇಳಿ. ನಂಬದಿದ್ದರೆ ಆ ಹುಡುಗ ಮತ್ತೆ ಬರುವವರೆಗೆ ಕಾಯಿರಿ, ಅಡ್ವಾನ್ಸ್ ಮಾತ್ರ ಕೊಡಬೇಡಿ. ಅವನು ಲೋಟ ಕೇಳಿದಾಗ ಎರಡು ಲೋಟದ ಜೊತೆ ಉಪ್ಪಿನ ಡಬ್ಬಿಯನ್ನೂ ತಂದಿಡಲು ಹೇಳಿ. ಕಡ್ಡಿ ಅವನೇ ಹಾಕಲಿ, ನೀವು ಮುಟ್ಟಬೇಡಿ. ಲ್ಯಾಬಿನ ರಿಪೋರ್ಟು ಬಂದ ದಿನ ಅದರ ಫೋಟೋ ನಮಗೆ ಕಳಿಸಿ, ಫ್ಲೋರೈಡ್ ಸಾಲು ಕಾಣುವ ಹಾಗೆ. ಅಲ್ಲಿಯವರೆಗೆ ಮೊಮ್ಮಗಳಿಗೆ ಘಟಕದ ನೀರೇ ಇರಲಿ.

ಸಂಪಾದಕ